‘ನೋಡಾಣ’ ಎಂಬ ಮಾತಿಗೆ ಒಂದು ತರಬೇತಿ

ಆಲ್ದೂರಿನ ಚನ್ನಬಸವಣ್ಣನವರ ದಿನಸಿ ಅಂಗಡಿಯಲ್ಲಿ ‘ಇಲ್ಲ’ ಎನ್ನುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ಮಾತು ಸುಳ್ಳೇನಲ್ಲ. ಬೆಲ್ಲ ಮುಗಿದಿದ್ದರೆ ಚನ್ನಬಸವಣ್ಣ ಖಾಲಿ ಡಬ್ಬದ ಕಡೆ ಒಮ್ಮೆ ನೋಡಿ, ಬೆಲ್ಲ ನಾಳೆ ಮಧ್ಯಾಹ್ನದ ಲಾರಿಗೆ ಬರುತ್ತದೆ ಎನ್ನುತ್ತಿದ್ದರು. ಒಳಮನೆಯಲ್ಲಿ ಅವರ ಹೆಂಡತಿ ಸಾವಿತ್ರಮ್ಮನದೂ ಅದೇ ರೀತಿ. ಅಕ್ಕಿ ತೀರಿದರೆ ‘ಅಕ್ಕಿ ಹೆಚ್ಚಿದೆ’, ದೀಪ ಆರಿಸಬೇಕಾದರೆ ‘ದೀಪ ದೊಡ್ಡದು ಮಾಡು’. ಮಗಳು ಕುಸುಮಾ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ದಿನ ಗಲ್ಲಾಪೆಟ್ಟಿಗೆಯ ಮೇಲೆ ಕೂತಿದ್ದಾಗ ಯಾರೋ ಉಪ್ಪು ಕೇಳಿದರು. ‘ಉಪ್ಪು ಇಲ್ಲ’ ಎಂದುಬಿಟ್ಟಳು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅವಳನ್ನು ಇಳಿಸಿ ಒಳಗೆ ಕಳಿಸಿದರು. ಹಾಗನ್ನುವ ಬಾಗಿಲಿಗೆ ಲಕ್ಷ್ಮಿ ಹೊಸಿಲು ದಾಟಿ ಬರುವುದಿಲ್ಲ ಎಂದಷ್ಟೇ ಹೇಳಿದರು. ಆಮೇಲೆ ಕುಸುಮಾಳ ಬಾಯಿಂದ ಆ ಮಾತು ಸಲೀಸಾಗಿ ಹೊರಟದ್ದೇ ಕಡಿಮೆ.

ಇಂಥ ಮನೆಯ ಮಗಳು ಮುಂದೊಂದು ದಿನ ಕಾಫಿ ಎಸ್ಟೇಟುಗಳ ಮ್ಯಾನೇಜರುಗಳನ್ನು ಸಾಲಾಗಿ ಕೂರಿಸಿ ‘ಇಲ್ಲ’ ಎನ್ನುವುದನ್ನು ಕಲಿಸಬೇಕಾಯಿತು.

ಕುಸುಮಾ ಕೆಲಸ ಮಾಡುವುದು ಕಲ್ಲಹಡ್ಲು ಪ್ಲಾಂಟೇಷನ್ಸ್ ಎಂಬ ಕಂಪನಿಯಲ್ಲಿ. ಆಫೀಸು ಚಿಕ್ಕಮಗಳೂರಿನಲ್ಲಿದೆ. ತೋಟಗಳು ಅತ್ತಿಗುಂಡಿಯ ಮೇಲಿನ ಗುಡ್ಡದಿಂದ ಹಿಡಿದು ಬಾಳೂರಿನ ಆಚೆಯ ಇಳಿಜಾರಿನವರೆಗೆ ಅಲ್ಲೊಂದು ಇಲ್ಲೊಂದು ಹರಡಿವೆ. ಆಲ್ದೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡಿ ಬಿ.ಕಾಂ. ಮುಗಿಸಿದ ಅವಳು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಕಂಪನಿಗೆ ಟೈಪಿಸ್ಟಾಗಿ ಸೇರಿದಳು. ಸಂಜೆ ಹೊತ್ತು ಓದಿ ಅಂಚೆ ಮೂಲಕ ಇನ್ನೊಂದು ಡಿಗ್ರಿ ಮಾಡಿಕೊಂಡಳು. ಈಗ ಸಿಬ್ಬಂದಿ ವಿಭಾಗ ಪೂರ್ತಿ ಅವಳದೇ. ಮ್ಯಾನೇಜರು, ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಯಾರ ನೇಮಕವಿರಲಿ, ರಜೆಯಿರಲಿ, ತಕರಾರಿರಲಿ, ಎಲ್ಲ ಅವಳ ಮೇಜಿಗೇ ಬರುತ್ತವೆ. ಯಾವ ತೋಟಕ್ಕೆ ಫೋನ್ ಮಾಡಿದರೂ ಮೊದಲು ಮಳೆಯ ವಿಷಯ ಕೇಳುತ್ತಾಳೆ, ಆಮೇಲೆ ಮನೆಯವರದು, ಕಡೆಗೆ ಕೆಲಸದ್ದು. ಅವಳ ಕೈಚೀಲದಲ್ಲಿ ಫೈಲುಗಳ ಜೊತೆಗೆ ಜಿಗಣೆಗೆಂದು ಹೊಗೆಸೊಪ್ಪು ಸುಣ್ಣದ ಒಂದು ಪೊಟ್ಟಣ ವರ್ಷವಿಡೀ ಇರುತ್ತದೆ. ಬಸ್ಸು ಹೋಗದ ತೋಟಕ್ಕೆ ಜೀಪು ಬರುವ ತನಕ ಕಾಯದೆ ನಡೆದೇ ಹೋಗುವವಳು ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ.

ಮ್ಯಾನೇಜರುಗಳಿಗೆ ನಾಯಕತ್ವದ ತರಬೇತಿ ಕೊಡಿಸಬೇಕೆಂಬ ಯೋಚನೆ ಕಂಪನಿಯ ಡೈರೆಕ್ಟರ್ ಸೌಂದರ್ಯ ಅವರದು. ತೋಟ ಕಟ್ಟಿದ ದೊಡ್ಡ ಯಜಮಾನರ ಮೊಮ್ಮಗಳು ಅವರು. ಹಿಂದಿನ ವರ್ಷ ದೂರದಿಂದ ತರಬೇತುದಾರರನ್ನು ಕರೆಸಿ ರೆಸಾರ್ಟಿನಲ್ಲಿ ಕಾರ್ಯಕ್ರಮ ಮಾಡಿಸಿದ್ದರು. ಬಂದವರು ಮ್ಯಾನೇಜರುಗಳ ಕೈಗೆ ಬಲೂನು ಕೊಟ್ಟು, ಊದಿಸಿ, ಅದನ್ನು ಒಬ್ಬರಿಂದೊಬ್ಬರಿಗೆ ಕೆಳಗೆ ಬೀಳದಂತೆ ದಾಟಿಸಲು ಹೇಳಿದರು. ತಂಡದಲ್ಲಿ ನಂಬಿಕೆ ಬೆಳೆಯುವುದು ಹೀಗಂತೆ. ಬಾಳೂರು ಎಸ್ಟೇಟಿನ ಮ್ಯಾನೇಜರ್ ಮಂಜಯ್ಯನವರು ಊಟ ಮುಗಿದ ಮೇಲೆ ಉಳಿದ ಬಲೂನುಗಳನ್ನು ಮೊಮ್ಮಗಳಿಗೆಂದು ಜೇಬಿಗೆ ಹಾಕಿಕೊಂಡು ಹೋದರು. ಅಂದಿನಿಂದ ಎಲ್ಲ ತೋಟಗಳಲ್ಲೂ ಅದಕ್ಕೆ ಬಲೂನ್ ಟ್ರೈನಿಂಗ್ ಎಂದೇ ಹೆಸರು.

ಈ ಸಲ ವಿಷಯಗಳನ್ನು ಕುಸುಮಾಳೇ ಆರಿಸಬೇಕು ಎಂದು ಸೌಂದರ್ಯ ಅಕ್ಟೋಬರಿನ ಮೊದಲಲ್ಲಿ ಕರೆದು ಹೇಳಿದರು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ಹಿಂದಿನ ಕೊಯ್ಲಿನಲ್ಲಿ, ಬಾಳೂರಿನ ರೋಬಸ್ಟಾ ಕಾಫಿ ಕೆಂಪಗೆ ಹಣ್ಣಾಗಿ ನಿಂತಿದ್ದ ಹೊತ್ತಿಗೆ ಸರಿಯಾಗಿ, ಬಯಲುಸೀಮೆಯಿಂದ ಬಂದಿದ್ದ ಕೊಯ್ಲಿನ ಜನ ಅರ್ಧಕ್ಕೆ ಬಿಟ್ಟು ಹೋಗಿದ್ದರು. ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಉದುರಿತ್ತು.

“ಈ ಸಲಾನೂ ಜನ ಬರದಿದ್ರೆ ಮಂಜಯ್ಯನವರನ್ನ ಇಟ್ಕೊಳ್ಳೋದು ಕಷ್ಟ ಕುಸುಮಾ ಅವ್ರೆ. ಅವರ ಮೇಲೆ ನನಗೆ ಗೌರವ ಇದೆ. ಆದ್ರೆ ತೋಟ ನಡೀಬೇಕಲ್ಲ” ಎಂದರು.

ಮಂಜಯ್ಯನವರು ಬಾಳೂರಿಗೆ ರೈಟರಾಗಿ ಬಂದು ಅಲ್ಲೇ ಮ್ಯಾನೇಜರಾದವರು. ನಿವೃತ್ತಿಗೆ ಹೆಚ್ಚು ಕಾಲವಿಲ್ಲ. ಕುಸುಮಾ ಹೊಸದಾಗಿ ಕೆಲಸಕ್ಕೆ ಸೇರಿದಾಗ, ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಯಾವುದು, ಹಣ್ಣನ್ನೇ ಒಣಗಿಸಿದ ಚೆರ್ರಿ ಯಾವುದು ಎಂದು ಗೊತ್ತಿಲ್ಲದೆ ಕಾಗದದಲ್ಲಿ ತಪ್ಪು ಬರೆದಿದ್ದಳು. ಉಳಿದವರು ನಕ್ಕಿದ್ದರು. ಮಂಜಯ್ಯನವರು ಮಾತ್ರ ಅವಳನ್ನು ಕಾಫಿ ಒಣಗಿಸುವ ಕಣಕ್ಕೆ ಕರೆದುಕೊಂಡು ಹೋಗಿ, ಎರಡನ್ನೂ ಅಂಗೈಯಲ್ಲಿ ಹಾಕಿ ತೋರಿಸಿದ್ದರು. ಅಂಥವರು ಕೆಲಸದ ಕೊನೆಯಲ್ಲಿ ಜನ ಉಳಿಸಿಕೊಳ್ಳಲಾಗದವರು ಎನ್ನಿಸಿಕೊಂಡು ಮನೆಗೆ ಹೋಗುವುದನ್ನು ಅವಳು ಊಹಿಸಿಕೊಳ್ಳಲಾರಳು.

ತರಬೇತಿ ಸಂಸ್ಥೆಯವರು ದಪ್ಪನೆಯ ಕ್ಯಾಟಲಾಗ್ ಕಳಿಸಿದ್ದರು. ಸಮಯ ಪಾಲನೆ, ಒತ್ತಡ ನಿರ್ವಹಣೆ, ತಂಡ ಕಟ್ಟುವುದು, ಗುರಿ ಮುಟ್ಟುವುದು, ಕೋಪ ಹತೋಟಿ, ಹೀಗೆ ಮದುವೆ ಮನೆಯ ಎಲೆಯಂತೆ ಒಂದರ ಪಕ್ಕ ಒಂದು ಬಡಿಸಿಟ್ಟಿದ್ದವು. ಕುಸುಮಾ ಪ್ರತಿ ಮ್ಯಾನೇಜರಿಗೂ ಫೋನ್ ಮಾಡಿ ಯಾವುದು ಬೇಕು ಎಂದು ಕೇಳಿದಳು. ಹೊತ್ತಿಗೆ ಸರಿಯಾಗಿ ಬೆಳಗಿನ ಹಾಜರಿಯ ಮಸ್ಟರಿಗೆ ನಿಲ್ಲುವವರು ಸಮಯ ಪಾಲನೆ ಎಂದರು. ಎಂದೂ ದನಿ ಏರಿಸದವರು ಕೋಪ ಹತೋಟಿ ಎಂದರು. ಕೇಳುತ್ತ ಕೇಳುತ್ತ ಅವಳಿಗೆ ನಗು ಬಂತು. ಪ್ರತಿಯೊಬ್ಬರೂ ಆರಿಸುತ್ತಿದ್ದುದು ಪಕ್ಕದ ತೋಟದವನಿಗೆ ಯಾವುದು ಬೇಕೋ ಅದನ್ನು. ಅತ್ತಿಗುಂಡಿಯ ಅರುಣ್ ಎಲ್ಲರಿಗಿಂತ ಕಿರಿಯ ಮ್ಯಾನೇಜರ್. ಅವನು ಹಳಬರಿಗೆ ಹೊಸ ಕಾಲದ ನಾಯಕತ್ವ ಕಲಿಸಿ ಎಂದು ನೇರವಾಗಿಯೇ ಹೇಳಿದ. ಮಂಜಯ್ಯನವರದು ಎಂದಿನ ಮಾತು.

“ನೀನು ಎಂತ ಇಟ್ರೂ ಬತ್ತೀನಿ ಮಾರಾಯ್ತಿ. ಊಟ ಒಂದು ಚೆನ್ನಾಗಿರ್ಲಿ.”

ಫೋನ್ ಇಟ್ಟ ಕುಸುಮಾಳಿಗೆ ಒಂದು ವಿಷಯ ಹೊಳೆಯಿತು. ತೋಟದಲ್ಲಿ ಇರುವವರನ್ನು ಕೇಳಿದ್ದಾಯಿತು. ಬಿಟ್ಟು ಹೋದವರನ್ನು ಯಾರೂ ಕೇಳಿಲ್ಲ. ಪಕ್ಕದ ತೋಟದವರು ಹೆಚ್ಚು ಕೂಲಿಯ ಆಸೆ ತೋರಿಸಿ ಎಳೆದುಕೊಂಡರು ಎಂದು ಆಫೀಸಿನಲ್ಲಿ ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು. ನಿಜ ಏನೆಂದು ಒಮ್ಮೆ ಕೇಳಿ ಬರೋಣ ಎಂದು ಒಂದು ಭಾನುವಾರ ಕಡೂರಿನ ಮೇಲೆ ಬಸ್ಸು ಬದಲಾಯಿಸುತ್ತ ಹೊಸದುರ್ಗದ ಕಡೆ ಹೊರಟಳು.

ಕೊಯ್ಲಿನ ಜನರನ್ನು ಕಟ್ಟಿಕೊಂಡು ಬರುತ್ತಿದ್ದ ಮೇಸ್ತ್ರಿ ತಿಮ್ಮಪ್ಪನ ಊರು ಅದು. ಬಯಲಿನ ಬಿಸಿಲಿಗೆ, ಮಳೆಗೆಂದು ತಂದ ಅವಳ ಕೊಡೆ ಬೇರೆ ಕೆಲಸಕ್ಕೆ ಬಂತು. ತಿಮ್ಮಪ್ಪ ರಾಗಿ ಹೊಲದ ಬದುವಿನಲ್ಲಿದ್ದ. ಗುರುತು ಹಿಡಿದ, ಆದರೆ ನಗಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಕೂರಿಸಿದ. ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಕಾಫಿ ತೋಟದಿಂದ ಬಂದವರಿಗೆ ನಮ್ಮ ಕಾಫಿ ಕೊಟ್ಟು ನಗೆಪಾಟಲಾಗುವುದು ಬೇಡ ಎಂದು ಆಕೆ ಅಂದಾಗ ಸ್ವಲ್ಪ ಬಿಗಿ ಸಡಿಲವಾಯಿತು. ಅಕ್ಕಪಕ್ಕದ ಹೆಂಗಸರೂ ಬಂದು ಬಾಗಿಲಲ್ಲಿ ಕೂತರು. ಎಲ್ಲ ಬಾಳೂರಿನಲ್ಲಿ ಹಣ್ಣು ಬಿಡಿಸಿದ ಕೈಗಳೇ.

ತಿಮ್ಮಪ್ಪ ಹೇಳಿದ್ದು ಇಷ್ಟು. ಮಾಘದಲ್ಲಿ ಅವನ ತಂಗಿಯ ಮಗಳ ಮದುವೆ ಇತ್ತು. ಸೋದರಮಾವ ಅವನು. ಹುಡುಗಿಯನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು. ಹತ್ತಿರದ ನೆಂಟರೆಲ್ಲ ಒಂದೇ ಗುಂಪಿನಲ್ಲಿ ಕೊಯ್ಲಿಗೆ ಬಂದಿದ್ದರು. ಮುದುಕರು, ಕಂಕುಳ ಕೂಸಿನವರು ಕೂಡ ಅದರಲ್ಲಿದ್ದರು. ಕೂಲಿಯವರ ಲೈನ್ ಮನೆಗಳಿಂದ ಬಸ್ಸು ನಿಲ್ಲುವ ಹ್ಯಾಂಡ್‌ಪೋಸ್ಟಿಗೆ ದೂರ, ಗಂಟುಮೂಟೆ ಬೇರೆ. ಹೊರಡುವ ದಿನ ಬೆಳಿಗ್ಗೆ ಎಸ್ಟೇಟಿನ ಜೀಪಿನಲ್ಲಿ ಅಲ್ಲಿವರೆಗೆ ಬಿಟ್ಟುಕೊಡುತ್ತೀರಾ ಎಂದು ವಾರದ ಮೊದಲೇ ಮಂಜಯ್ಯನವರನ್ನು ಕೇಳಿದ್ದ. ಅವರು ‘ನೋಡಾಣ’ ಎಂದಿದ್ದರು. ಎರಡು ದಿನ ಬಿಟ್ಟು ಮತ್ತೆ ನೆನಪಿಸಿದ. ಆಗಲೂ ನಗುನಗುತ್ತಲೇ ‘ನೋಡಾಣ ನೋಡಾಣ’ ಎಂದರು. ಸಾಹೇಬರೇ ಎರಡು ಸಲ ಹೇಳಿದ ಮೇಲೆ ಆದ ಹಾಗೆಯೇ ಎಂದುಕೊಂಡು, ಮದುವೆಯ ಹಿಂದಿನ ದಿನ ಬೆಳಕು ಹರಿಯುತ್ತಲೇ ಎಲ್ಲರೂ ಗಂಟು ಕಟ್ಟಿ ರಸ್ತೆ ಬದಿಯಲ್ಲಿ ಕೂತರು. ಬಿಸಿಲೇರಿತು. ಜೀಪು ಬರಲಿಲ್ಲ. ಇನ್ನೇನು ಬಂದೀತು ಎಂದು ಇನ್ನಷ್ಟು ಕೂತರು. ಕಡೆಗೆ ನಡೆದು ಹೋಗುವಷ್ಟರಲ್ಲಿ ಬಸ್ಸು ತಪ್ಪಿತ್ತು. ಅದರ ಹಿಂದೆ ಮುಂದಿನ ಬಸ್ಸುಗಳೂ ತಪ್ಪುತ್ತ ಹೋದವು. ಮರುದಿನ ಊರು ಸೇರುವಾಗ ತಾಳಿ ಕಟ್ಟಿ ಆಗಿತ್ತು. ಹುಡುಗಿಯನ್ನು ಹಸೆಮಣೆಗೆ ಕರೆತಂದವನು ದೂರದ ಸಂಬಂಧದ ಯಾರೋ ಒಬ್ಬ.

“ಇಲ್ಲ ಅಂದಿದ್ರೆ ನಾವು ಕತ್ಲಲ್ಲೇ ಎದ್ದು ನಡ್ಕಂಡ್ ಹೋಗ್ತಿದ್ವಿ ಕಣಮ್ಮ” ಎಂದ ತಿಮ್ಮಪ್ಪ. “ಜೀಪು ಕೊಡ್ಲಿಲ್ಲ ಅಂತ ಸಿಟ್ಟಿಲ್ಲ. ನಮ್ ಕಾಲಿಗೇನಾಗಿತ್ತು? ಕೂರಿಸಿ ಕಾಯಿಸಿದ್ರಲ್ಲ, ಅದಕ್ಕೆ ವಾಪಸ್ ಬರ್ಲಿಲ್ಲ.”

ಬಾಗಿಲಲ್ಲಿ ಕೂತ ಒಬ್ಬಾಕೆ, ಗಂಟಿನ ಮೇಲೆ ಕೂತು ಕೂತು ತನ್ನ ಹೊಸ ಸೀರೆ ಅಲ್ಲೇ ಹಳೆಯದಾಯಿತು ಎಂದಳು. ಯಾರೂ ನಗಲಿಲ್ಲ.

ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕುಸುಮಾ ಆ ಮಾತನ್ನೇ ಮೆಲುಕು ಹಾಕಿದಳು. ಮಲೆನಾಡಿನವರಿಗೆ ‘ನೋಡಾಣ’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಮತ್ತೆ ಕೇಳುವುದಿಲ್ಲ. ಅದು ಮೆತ್ತಗೆ ಬಟ್ಟೆ ಸುತ್ತಿಕೊಟ್ಟ ‘ಇಲ್ಲ’. ಬಯಲಿನಿಂದ ಬಂದವನು ಬಟ್ಟೆಯನ್ನೇ ಉಡುಗೊರೆ ಎಂದುಕೊಂಡ.

ಆ ವಾರವೇ ಅವಳು ಬಾಳೂರಿಗೆ ಹೋದಳು. ಮಂಜಯ್ಯನವರು ಕಣದ ಸಿಮೆಂಟಿನ ಬಿರುಕುಗಳಿಗೆ ಗಾರೆ ಹಾಕಿಸುತ್ತಿದ್ದರು. ಜನ ಬರುತ್ತಾರೋ ಇಲ್ಲವೋ, ಕಣವನ್ನಂತೂ ಅಣಿಮಾಡಬೇಕಲ್ಲ ಎಂದರು. ಡೈರೆಕ್ಟರ್ ಏನು ಹೇಳಿದ್ದಾರೆಂದು ಅವರ ಕಿವಿಗೂ ಬಿದ್ದಿತ್ತು ಎಂದು ಆ ದನಿಯಲ್ಲೇ ಗೊತ್ತಾಗುತ್ತಿತ್ತು. ಕುಸುಮಾ ಸುತ್ತು ಬಳಸದೆ, ಆದರೆ ಯಾರ ಹೆಸರನ್ನೂ ಎತ್ತದೆ, ಒಂದೇ ಪ್ರಶ್ನೆ ಕೇಳಿದಳು. ಕೆಲಸದವರಿಗೆ ನೀವು ‘ನೋಡಾಣ’ ಅಂದರೆ ಏನರ್ಥ?

“ಆಗಲ್ಲ ಅಂತ” ಎಂದರು ಮಂಜಯ್ಯನವರು, ಇದೆಂಥ ಪ್ರಶ್ನೆ ಎಂಬಂತೆ. “ಪಾಪ, ಆಸೆಯಿಂದ ಕೇಳ್ತಾರೆ. ಮುಖದ ಮೇಲೆ ಹೊಡ್ದಂಗೆ ಇಲ್ಲ ಅನ್ನಕ್ಕೆ ಆಗ್ತದಾ?”

ಆಗ ಅವಳು ತಿಮ್ಮಪ್ಪನ ಮನೆಯಲ್ಲಿ ಕೇಳಿದ್ದನ್ನು ಹೇಳಿದಳು. ಮಂಜಯ್ಯನವರು ಕಣದ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಬಿಟ್ಟು ಬಿಟ್ಟು ಹೇಳಿದರು. ಆ ದಿನ ತಿಮ್ಮಪ್ಪನ ಕಡೆಯವರು ಗಂಟು ಇಟ್ಟುಕೊಂಡು ಕೂತಿದ್ದನ್ನು ತಾವು ಇದೇ ಕಣದಿಂದ ಕಂಡಿದ್ದರಂತೆ. ಊರಿಂದ ಯಾವುದೋ ಗಾಡಿ ಬರಬಹುದು, ಅದಕ್ಕೆ ಕಾಯುತ್ತಿದ್ದಾರೆ ಎಂದುಕೊಂಡರಂತೆ. ತಿಮ್ಮಪ್ಪ ಕೇಳಿದ ಹೊತ್ತಿನಲ್ಲಿ ಜೀಪನ್ನು ಕ್ಲಚ್ ರಿಪೇರಿಗೆ ಕಳಿಸುವುದಿತ್ತು. ಅದಕ್ಕೇ ‘ನೋಡಾಣ’ ಎಂದದ್ದು. ಆದರೆ ಮೂಡಿಗೆರೆಯ ಗ್ಯಾರೇಜಿನವನು ಆ ವಾರ ಬರಬೇಡಿ ಎಂದ.

“ಜೀಪು ಶೆಡ್ಡಲ್ಲೇ ಇತ್ತು ಕುಸುಮಾ. ಶೆಡ್ಡಲ್ಲೇ ಇತ್ತು” ಎಂದರು.

ಇನ್ನೊಂದು ವಿಷಯವನ್ನೂ ಅವರೇ ನೆನೆಸಿಕೊಂಡರು. ‘ನೋಡಾಣ’ ಎನ್ನುವುದು ದೊಡ್ಡ ಯಜಮಾನರ ಮಾತಂತೆ. ತೋಟದಲ್ಲಿ ಯಾರು ಏನು ಕೇಳಿದರೂ ಅವರು ಮೊದಲು ಹೇಳುತ್ತಿದ್ದುದು ಅದನ್ನೇ. ಆದರೆ ಮರುದಿನ ಬೆಳಿಗ್ಗೆ ಮಸ್ಟರಿನ ಹೊತ್ತಿಗೆ ಕೋಲೂರಿಕೊಂಡು ಬಂದು, ಕೇಳಿದವನನ್ನು ಹೆಸರು ಹಿಡಿದು ಕರೆದು, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಿಯೇ ಮುಂದಿನ ಮಾತು. ಅವರ ಕೈಕೆಳಗೆ ಬೆಳೆದವರೆಲ್ಲ ಆ ಮಾತನ್ನು ಕಲಿತರು. ಮರುದಿನದ ಬೆಳಗನ್ನು ಯಾರೂ ಕಲಿಯಲಿಲ್ಲ.

ಚಿಕ್ಕಮಗಳೂರಿಗೆ ಮರಳಿದ ಮೇಲೆ ಕುಸುಮಾಳಿಗೆ ಎಲ್ಲಿ ಕಿವಿಗೊಟ್ಟರೂ ಅದೇ ಮಾತು ಕೇಳಿಸತೊಡಗಿತು. ಆಫೀಸಿಗೆ ಬಂದಿದ್ದ ಆಲ್ದೂರು ತೋಟದ ಮ್ಯಾನೇಜರ್ ಫೋನಿನಲ್ಲಿ ಮೇಸ್ತ್ರಿಗೆ ಹೇಳುತ್ತಿದ್ದುದು ಅದನ್ನೇ. ಆಫೀಸಿನ ಡ್ರೈವರ್ ಮಗಳ ಶಾಲೆ ವಿಷಯಕ್ಕೆ ಅರ್ಧ ದಿನ ರಜೆ ಕೇಳಿದಾಗ ಅವಳ ಬಾಯಿಂದಲೂ ಹೊರಟದ್ದು ಅದೇ. ತನ್ನ ದನಿ ತನಗೇ ಕೇಳಿಸಿ, ಅವನನ್ನು ಮತ್ತೆ ಕರೆದು, ನಾಳೆ ಬೇಡ, ನಾಡಿದ್ದು ಹೋಗು ಎಂದಳು. ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿದ.

ವಿಷಯ ಆರಿಸಿ ಆಗಿತ್ತು. ಆದರೆ ಕಲಿಸುವುದು ಹೇಗೆ? ‘ಇಲ್ಲ’ ಎಂದರೆ ಲಕ್ಷ್ಮಿ ತಿರುಗಿ ಹೋಗುತ್ತಾಳೆ ಎಂದು ನಂಬಿ ಬೆಳೆದವಳು ಅವಳು. ಹಿರಿಯ ಮ್ಯಾನೇಜರುಗಳ ಮನೆಗಳೂ ಅಂಥವೇ. ಆ ಶನಿವಾರ ಆಲ್ದೂರಿಗೆ ಹೋದಾಗ ಅಪ್ಪನನ್ನು ಕೇಳಿದಳು, ಇಷ್ಟು ವರ್ಷ ಗಿರಾಕಿಗಳಿಗೆ ಒಮ್ಮೆಯೂ ಇಲ್ಲ ಅನ್ನದೆ ನಡೆಸಿದ್ದು ಹೇಗೆ ಅಪ್ಪಾಜಿ, ಯಾರಿಗೂ ಸಿಟ್ಟು ಬರಲಿಲ್ಲವೇ ಎಂದು. ಚನ್ನಬಸವಣ್ಣನವರಿಗೆ ಈಗ ಕಿವಿ ಸ್ವಲ್ಪ ಮಂದ. ಎರಡು ಸಲ ಕೇಳಿಸಿಕೊಂಡು ನಕ್ಕರು.

“ಇಲ್ಲ ಅನ್ನಬಾರ್ದು ಅಂದ್ನೇ ಹೊರ್ತು ಸುಮ್ನೆ ಕಾಯಿಸು ಅಂತ ಅಂದ್ನಾ ಮಗಾ? ಯಾವ ದಿನ ಬತ್ತದೆ ಅಂತ ಹೇಳ್ಬೇಕು. ಬರದೇ ಇರೋ ಸಾಮಾನಾದ್ರೆ ಎದುರಿನ ಅಂಗಡಿ ತೋರಿಸ್ಬೇಕು. ಗಿರಾಕಿ ಚೀಲ ಹಿಡ್ಕಂಡು ಮೆಟ್ಲ ಮೇಲೆ ಕೂರಬಾರ್ದು, ಅಷ್ಟೇ.”

ಎದುರಿನ ಅಂಗಡಿಯ ಮಲ್ಲೇಶ್ ಇದನ್ನು ಕೇಳಿಸಿಕೊಂಡು, ಹೌದಮ್ಮ, ನಿಮ್ಮಪ್ಪ ಕಳಿಸಿದ ಗಿರಾಕಿಗಳಿಂದಲೇ ನಾನು ಮನೆ ಕಟ್ಟಿದ್ದು ಎಂದ. ಇಬ್ಬರೂ ನಗಾಡಿದರು.

ಸೋಮವಾರ ಕುಸುಮಾ ಸೌಂದರ್ಯ ಅವರ ಮುಂದೆ ಹೋಗಿ ನಿಂತಳು. ಕ್ಯಾಟಲಾಗಿನ ಯಾವ ವಿಷಯವೂ ಬೇಡ ಎಂದಳು. ರೆಸಾರ್ಟು, ಹೊರಗಿನ ತರಬೇತುದಾರರು ಎರಡೂ ಬೇಡ. ಬಾಳೂರಿನ ಕಣದಲ್ಲಿ ಒಂದು ದಿನ, ಒಂದೇ ವಿಷಯ. ಕೇಳಿದವರಿಗೆ ಉತ್ತರ ಕೊಡುವುದು. ಜನ ಯಾಕೆ ಹೋದರು ಎಂದು ಸೌಂದರ್ಯ ಕೇಳಿದಾಗ, ಒಂದು ಮಾತಿನಿಂದ ಹೋದರು, ಅದು ಒಂದು ತೋಟದ ತಪ್ಪಲ್ಲ, ನಮ್ಮೆಲ್ಲರ ಬಾಯಲ್ಲೂ ಇದೆ ಎಂದಳೇ ಹೊರತು ಮಂಜಯ್ಯನವರ ಜೀಪಿನ ಕಥೆ ಹೇಳಲಿಲ್ಲ. ಅದನ್ನು ಹೇಳಬೇಕಾದವರು ಅವರೇ ಎಂದು ಅವಳಿಗೆ ಅನ್ನಿಸಿತ್ತು.

ಸೌಂದರ್ಯ ಪೆನ್ನು ತಿರುಗಿಸುತ್ತ ಯೋಚಿಸಿದರು. ಕಡೆಗೆ, “ಸರಿ, ನೋಡೋಣ” ಎಂದರು.

ಕುಸುಮಾ ಹೊರಡಲಿಲ್ಲ. ನಿಂತಲ್ಲೇ ಕೇಳಿದಳು, “ಮೇಡಂ, ನೋಡೋಣ ಅಂದ್ರೆ ಹೂಂ ಅಂತಲೋ ಉಹೂಂ ಅಂತಲೋ?”

ಸೌಂದರ್ಯ ತಲೆಯೆತ್ತಿದರು. ಒಂದು ಗಳಿಗೆ ಮುಖ ಬಿಗಿಯಿತು, ಮತ್ತೆ ನಗು ಒಡೆಯಿತು. “ಇದೇನಾ ನಿಮ್ಮ ಟ್ರೈನಿಂಗು? ಹೂಂ ಅಂತ. ಮಾಡಿ. ನಾನೂ ಬರ್ತೀನಿ.”

ನವೆಂಬರಿನಲ್ಲಿ ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಕೊಯ್ಲು ಬಿರುಸಾಗುವ ಮೊದಲು, ಒಂದು ದಿನ ಗೊತ್ತಾಯಿತು. ಹೊಸ ಗಾರೆ ಒಣಗಿದ ಕಣದಲ್ಲಿ ಕುರ್ಚಿಗಳು, ಪಕ್ಕದ ಹಲಸಿನ ಮರದ ನೆರಳು. ಮಂಜಯ್ಯನವರ ಹೆಂಡತಿ ನಂಜಮ್ಮ ಬೆಳಗಿನಿಂದಲೇ ಕಡುಬು ಬೇಯಿಸಲು ಕೂತಿದ್ದರು. ಬಲೂನು ಎಲ್ಲಿ ಎಂದು ಬಂದವರೆಲ್ಲ ಕೇಳುತ್ತಿದ್ದರು.

ಕುಸುಮಾ ಉದ್ದ ಭಾಷಣ ಮಾಡಲಿಲ್ಲ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದಳು. ಒಬ್ಬ ಕೆಲಸದವನಾಗಿ ಏನಾದರೂ ಕೇಳಬೇಕು, ಇನ್ನೊಬ್ಬ ಮ್ಯಾನೇಜರಾಗಿಯೇ ಉತ್ತರಿಸಬೇಕು. ಉತ್ತರ ಏನಾದರೂ ಆಗಿರಲಿ, ‘ನೋಡಾಣ’ ಎನ್ನುವಂತಿಲ್ಲ. ಆಗುವುದಾದರೆ ಆಗುತ್ತದೆ ಎನ್ನಬೇಕು. ಆಗದಿದ್ದರೆ ಆಗುವುದಿಲ್ಲ ಎಂದು, ಯಾಕೆ ಎಂದೂ ಹೇಳಬೇಕು. ಈಗಲೇ ತಿಳಿಯದಿದ್ದರೆ ಯಾವ ದಿನ ಹೇಳುತ್ತೇನೆ ಎನ್ನಬೇಕು.

ಇಷ್ಟೇನಾ ಎಂದರು ಎಲ್ಲರೂ. ಶುರುಮಾಡಿದ ಮೇಲೆ ಗೊತ್ತಾಯಿತು. ಅರುಣ್ ಕೇಳಿದವರಿಗೆಲ್ಲ ‘ಇಲ್ಲ’, ‘ಇಲ್ಲ’ ಎಂದು ಕತ್ತಿಯಿಂದ ಕತ್ತರಿಸಿದ ಹಾಗೆ ಹೇಳಿದ. ಯಾಕೆ ಎಂದು ಹೇಳಲು ಮರೆತ. ಎದುರಿಗಿದ್ದ ಹಿರಿಯರು, ಈ ಮ್ಯಾನೇಜರನ ಕೈಕೆಳಗೆ ನಾನಂತೂ ಇರುವುದಿಲ್ಲ ಎಂದು ಎದ್ದು ಹೋಗುವಂತೆ ನಟಿಸಿದರು. ಇನ್ನೊಬ್ಬರು, ಹೀಗೆಲ್ಲ ಮುಖ ಮುರಿದು ಮಾತಾಡಿದರೆ ನನಗೆ ಸೊಕ್ಕು ಬಂತು ಎನ್ನುತ್ತಾರೆ ಎಂದು ತಕರಾರು ತೆಗೆದರು. ಅವರ ಮಾತು ಪೂರ್ತಿ ತಪ್ಪಲ್ಲ ಎಂದು ಕುಸುಮಾ ಒಪ್ಪಿಕೊಂಡಳು.

ಮಂಜಯ್ಯನವರ ಸರದಿ ಬಂತು. ಕೆಲಸದವನಾಗಿ ಕೂತ ಅರುಣ್ ಏನೂ ತಿಳಿಯದೆ, ಯಾರಿಗಾದರೂ ತೋಚುವಂಥದ್ದನ್ನೇ ಕೇಳಿದ.

“ಸಾಹೇಬ್ರೆ, ಆಸ್ಪತ್ರೆಗೆ ಹೋಗ್ಬೇಕು. ನಾಳೆ ಜೀಪು ಸಿಗ್ತದಾ?”

ಮಂಜಯ್ಯನವರು ಬಾಯಿ ತೆರೆದರು. ‘ನೋಡ’ ಎಂಬಲ್ಲಿಗೆ ನಿಲ್ಲಿಸಿದರು. ಮತ್ತೊಮ್ಮೆ ತೊಡಗಿ, “ಇಲ್ಲ... ನೀನು ಮೊದ್ಲು ಊಟ ಮಾಡು ಮಾರಾಯ” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಮಂಜಯ್ಯನವರು ನಗಲಿಲ್ಲ. ಕುರ್ಚಿಯಿಂದ ಎದ್ದರು. ಹಿಂದಿನ ಸಾಲಿನಲ್ಲಿ ಸೌಂದರ್ಯ ಕೂತಿರುವುದು ಅವರಿಗೆ ಕಾಣುತ್ತಿತ್ತು. ಕಂಡೂ, ತಿಮ್ಮಪ್ಪ ಜೀಪು ಕೇಳಿದ್ದರಿಂದ ಹಿಡಿದು ಜೀಪು ಶೆಡ್ಡಿನಲ್ಲೇ ಇದ್ದುದರವರೆಗೆ ಒಂದನ್ನೂ ಬಿಡದೆ ಹೇಳಿದರು. ರಸ್ತೆಯ ತಿರುವನ್ನು ಕೈಯಿಂದ ತೋರಿಸಿ, ಅಲ್ಲಿ ಕೂತಿದ್ದರು ಎಂದರು. ಆ ಕಡೆ ಎಲ್ಲರೂ ತಿರುಗಿ ನೋಡಿದರು. ಅಲ್ಲಿ ಈಗ ಬಿಸಿಲು ಬಿಟ್ಟು ಏನೂ ಇರಲಿಲ್ಲ.

ಆಮೇಲೆ ಯಾರೂ ಬಲೂನಿನ ಮಾತೆತ್ತಲಿಲ್ಲ. ಮಧ್ಯಾಹ್ನ ಕಡುಬು ತಿನ್ನುತ್ತ ಮ್ಯಾನೇಜರುಗಳು ತಾವು ಯಾರು ಯಾರಿಗೆ ‘ನೋಡಾಣ’ ಎಂದು ಬಿಟ್ಟಿದ್ದೇವೆ ಎಂದು ನೆನಪು ಮಾಡಿಕೊಂಡರು. ಇಬ್ಬರು ಕಣದ ಅಂಚಿಗೆ ಹೋಗಿ ಫೋನ್ ಮಾಡಿ, ಆಗಲ್ಲ ಕಣೋ, ಬೇಜಾರ್ ಮಾಡ್ಕಬೇಡ ಎನ್ನುತ್ತಿದ್ದುದು ಕೇಳಿಸಿತು.

ಹೊರಡುವಾಗ ಸೌಂದರ್ಯ ಕುಸುಮಾಳನ್ನು ಕಾರಿನ ಹತ್ತಿರ ಕರೆದರು. ವಿಷಯ ಒಳ್ಳೆಯದನ್ನೇ ಆರಿಸಿದಿರಿ ಎಂದರು. ಮಂಜಯ್ಯನವರು ಎದ್ದು ನಿಂತು ಹೇಳಿದ್ದು ದೊಡ್ಡತನ ಎಂದರು. ಆಮೇಲೆ ಹೇಳಿದರು, “ಆದ್ರೆ ನಾನು ಅವತ್ತು ಹೇಳಿದ್ದು ಹಾಗೇ ಇದೆ. ಜನ ಬರ್ಬೇಕು.” ಕುಸುಮಾಳಿಗೆ ಬೇಸರವಾಯಿತು. ಆದರೆ ಕಾಯಿಸದೆ ಹೇಳಿದರಲ್ಲ ಎಂದೂ ಅನ್ನಿಸಿತು.

ಮರುವಾರ ಮಂಜಯ್ಯನವರೇ ಫೋನ್ ಮಾಡಿ, ಹೊಸದುರ್ಗಕ್ಕೆ ಹೋಗಬೇಕು, ಜೊತೆಗೆ ಬರುತ್ತೀಯಾ ಎಂದು ಕೇಳಿದರು. ಕುಸುಮಾ ಆಯ್ತು ಎಂದಳು. ಅದೇ ಜೀಪಿನಲ್ಲಿ ಹೊರಟರು. ಹಿಂದಿನ ಸೀಟಿನಲ್ಲಿ ನಂಜಮ್ಮ ಕಟ್ಟಿಕೊಟ್ಟ ಸೀರೆ, ಕುಪ್ಪಸದ ಕಣ, ಎಲೆ ಅಡಿಕೆ, ಕಾಫಿ ಪುಡಿ. ದಾರಿಯುದ್ದಕ್ಕೂ ಮಂಜಯ್ಯನವರು ರಸ್ತೆ ಕೆಟ್ಟಿದೆ ಎನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ.

ತಿಮ್ಮಪ್ಪನ ತಂಗಿಯ ಮಗಳು ಆ ವಾರ ಅದೇ ಊರಿನ ತವರಿಗೆ ಬಂದಿದ್ದಳು. ತುಂಬು ಬಸುರಿಯಲ್ಲವಾದರೂ ಗೊತ್ತಾಗುತ್ತಿತ್ತು. ಮಂಜಯ್ಯನವರು ಅವಳಿಗೆ ಸೀರೆ, ಕಣ, ಎಲೆ ಅಡಿಕೆ ಕೊಟ್ಟರು. ತಿಮ್ಮಪ್ಪನ ಕಡೆ ತಿರುಗಿ ಕೈಮುಗಿದರು. ಕಾಯಿಸಿದ್ದು ತಪ್ಪಾಯಿತು ಎಂದರು. ಜೀಪಿನ ಕಥೆಯನ್ನೂ ಮುಚ್ಚಿಡಲಿಲ್ಲ. ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ನೆರೆದಿದ್ದರು.

ತಿಮ್ಮಪ್ಪ ಕ್ಷಮಿಸಿದೆ ಎನ್ನಲಿಲ್ಲ. ವ್ಯವಹಾರಕ್ಕಿಳಿದ. ಲೈನ್ ಮನೆಗಳ ಸೂರು ಸೋರುತ್ತದೆ, ರಿಪೇರಿ ಆಗುತ್ತದಾ? ಪ್ರತಿ ಭಾನುವಾರ ಕಳಸದ ಸಂತೆಗೆ ಜೀಪು ಬಿಡುತ್ತೀರಾ? ಸಂಕ್ರಾಂತಿ ಕಳೆದ ಮೇಲೆ ಈ ಹುಡುಗಿಯ ಸೀಮಂತದ ಕುಬುಸ ಇದೆ, ಆಗ ನಮ್ಮವರನ್ನೆಲ್ಲ ಒಂದೇ ಸಲ ಕಳಿಸುತ್ತೀರಾ?

ಮಂಜಯ್ಯನವರ ತುಟಿ ಅಲುಗಿತು. ಹಳೆಯ ಮಾತು ನಾಲಿಗೆಯ ತುದಿಗೆ ಬಂದದ್ದು ಪಕ್ಕದಲ್ಲಿದ್ದ ಕುಸುಮಾಳಿಗೆ ಕಂಡಿತು.

“ಸೂರು ನೀವು ಬರೋದ್ರೊಳಗೆ ಆಗಿರ್ತದೆ” ಎಂದರು ಮಂಜಯ್ಯನವರು. “ಭಾನುವಾರದ ಜೀಪು ಇಲ್ಲ ತಿಮ್ಮಪ್ಪ. ಆಗಲ್ಲ. ಅವತ್ತು ಕಾಫಿ ಸಾಗಿಸಕ್ಕೆ ಅದೇ ಬೇಕು. ಕುಬುಸಕ್ಕೆ ಹೋಗಿ. ಹ್ಯಾಂಡ್‌ಪೋಸ್ಟಿಗೆ ನಾನೇ ಬಿಟ್ಟು ಬತ್ತೀನಿ.”

‘ಇಲ್ಲ’ ಎಂಬ ಮಾತು ಅಂಗಳದಲ್ಲಿ ಬಿದ್ದಾಗ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೊಸ ಸೀರೆ ಹಳೆಯದಾಯಿತು ಎಂದಿದ್ದಾಕೆ, ಸಂತೆಗೆ ನಡೆದು ಹೋಗಿ ಬಸ್ಸು ಹಿಡಿಯುತ್ತೇವೆ ಬಿಡಿ, ಅದೇನು ದೊಡ್ಡದು ಎಂದಳು.

ಊಟವಾಯಿತು. ಜೀಪು ಹತ್ತುವ ಹೊತ್ತಿಗೆ ಕುಸುಮಾ ತಿಮ್ಮಪ್ಪನನ್ನು ಕೇಳಿಯೇಬಿಟ್ಟಳು, ಹಾಗಾದರೆ ಬರುತ್ತೀರಾ ಎಂದು.

ತಿಮ್ಮಪ್ಪ ಮಂಜಯ್ಯನವರ ಮುಖವನ್ನೊಮ್ಮೆ ನೋಡಿದ. ಹೆಗಲ ಟವಲು ಕೊಡವಿ ಮತ್ತೆ ಹಾಕಿಕೊಂಡ.

“ನೋಡಾಣ” ಎಂದ.

ಮಂಜಯ್ಯನವರ ಮುಖ ಸಪ್ಪಗಾಯಿತು. ಅದನ್ನು ನೋಡಿದ್ದೇ ತಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೆಂಡತಿ, ಸಾಕು ಬಿಡ್ರಿ ಪಾಪ, ಬಣ್ಣವೇ ಹೋಯಿತು ಅವರದು ಎಂದು ಗದರಿದಳು.

“ರಾಗಿ ಒಕ್ಕಣೆ ಮುಗಿಸ್ಕಂಡು ಬರೋ ಮಂಗಳವಾರ ಬಿಟ್ಟು ಅದರಾಚೆ ಮಂಗಳವಾರ ಬಸ್ ಹತ್ತೀವಿ ಸಾಹೇಬ್ರೆ. ಎಲ್ಲಾರೂ ಬತ್ತೀವಿ.”

ಆ ಮಂಗಳವಾರ ಕುಸುಮಾ ಆಫೀಸಿಗೆ ಹೋಗದೆ ಬೆಳಗಿನ ಬಸ್ಸಿಗೆ ಬಾಳೂರಿಗೆ ಹೋದಳು. ಜನರ ಬಸ್ಸು ಹ್ಯಾಂಡ್‌ಪೋಸ್ಟಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಗಂಟುಗಳನ್ನು ಇಳಿಸಿಕೊಂಡು ಹೆಂಗಸರು ನೆರಳಿಗೆಂದು ಅತ್ತಿತ್ತ ನೋಡಿದರು. ಕೂರುವ ಅಗತ್ಯ ಬೀಳಲಿಲ್ಲ. ಜೀಪು ಅವರಿಗಿಂತ ಮೊದಲೇ ಬಂದು ನಿಂತಿತ್ತು.